ಮೊದಲ ಇಂಚಿಲ್ಲದ ಟೇಪು

ಭುಜದ ಹೊಲಿಗೆಯಲ್ಲಿ ಎರಡು ಎಳೆ ಬಿಚ್ಚಿದ ಮೇಲೆ ಟೇಲರಮ್ಮ ಬ್ಲೇಡನ್ನು ಕೆಳಗಿಟ್ಟಳು. ಬಿಚ್ಚುವ ಮೊದಲು ಅಳೆಯಬೇಕು. ಕೆಲಸ ಕಲಿಯಲು ಬಂದ ಪ್ರತಿ ಹುಡುಗಿಗೂ ಅವಳು ಹೇಳಿಕೊಟ್ಟ ಮೊದಲ ಪಾಠ ಅದು. ಇವತ್ತು ಕೈ ತಾನೇ ಮುಂದೆ ಹೋಗಿತ್ತು.

ಕತ್ತರಿಸುವ ಮೇಜಿನ ಮೇಲೆ ಕಡುಹಸಿರು ಡ್ರೆಸ್ಸು ಅಂಗಾತ ಮಲಗಿತ್ತು. ಕೊರಳು ಕಾಣದ ಮುಚ್ಚುಗತ್ತು, ಉದ್ದ ತೋಳು, ಬೆನ್ನಿಗೆ ಆರು ಗುಂಡಿ. ನಿನ್ನೆ ಸಂಜೆ ಯಾರೋ ಅದನ್ನು ಕಾಗದದಲ್ಲಿ ಸುತ್ತಿ ಒಂದು ಬಾಗಿಲ ಮುಂದೆ ಇಟ್ಟು ಹೋಗಿದ್ದರು. ಆ ಬಾಗಿಲಿನ ವಿಳಾಸ ಮೂರೇ ಜನಕ್ಕೆ ಗೊತ್ತಿರಬೇಕಿತ್ತು: ಆ ಮನೆಯಲ್ಲಿ ಬಚ್ಚಿಟ್ಟುಕೊಂಡಿರುವವಳಿಗೆ, ಮನೆಯ ಮಾಲೀಕರಿಗೆ, ಬಟ್ಟೆ ಹೊಲಿದು ತಲುಪಿಸುವ ಟೇಲರಮ್ಮನಿಗೆ.

ಬಚ್ಚಿಟ್ಟುಕೊಂಡಿರುವವಳು ಈಗ ಎದುರಿನ ಸ್ಟೂಲಿನ ಮೇಲೆ ಕೂತಿದ್ದಳು. ಅಳತೆ ಪುಸ್ತಕದಲ್ಲಿ ಅವಳಿಗೆ ಟೇಲರಮ್ಮ ಇಟ್ಟಿದ್ದ ಅಡ್ಡಹೆಸರು 'ಮುಚ್ಚುಗತ್ತು'. ಮೊದಲ ಸಲ ಅಳತೆ ಕೊಡಲು ಬಂದಾಗ ಅವಳ ಕೊರಳ ಸುತ್ತ ನೀಲಿ ಬೆರಳಚ್ಚುಗಳಿದ್ದವು. ಟೇಲರಮ್ಮ ಕೇಳಲಿಲ್ಲ. ಪುಟದ ಅಂಚಿನಲ್ಲಿ ಬರೆದುಕೊಂಡಳು: 'ಮುಚ್ಚುಗತ್ತೇ ಬೇಕು. ಯಾಕೆ ಅಂತ ಕೇಳಬಾರದು.' ಎರಡನೇ ವರ್ಷ ಇನ್ನೊಂದು ಸಾಲು ಸೇರಿತು: 'ಎಡಗೈ ಮುರಿದು ಕೂಡಿದೆ. ಎಡತೋಳು ಅರ್ಧ ಇಂಚು ಗಿಡ್ಡ.' ಮೂರನೇ ವರ್ಷ ಅವಳು ಗಂಡನನ್ನು ಬಿಟ್ಟು ಬಂದಳು, ಹಳೆಯ ವಿಳಾಸದ ಕೆಳಗೆ ಹೊಸದು ಬಂತು.

"ಠಾಣೆಗೆ ಹೋಗಿದ್ಯಾ?"

"ಹೋಗಿದ್ದೆ ಟೇಲರಮ್ಮ. ಗಂಡ ಹೆಂಡ್ತಿಗೆ ಬಟ್ಟೆ ಕೊಟ್ರೆ ಯಾವ ಕೇಸ್ ಹಾಕೋದಮ್ಮ ಅಂತ ನಕ್ರು. ನಾನು ಕೊಡಿಸಿದ್ರೆ ನಮ್ಮವಳು ಬಣ್ಣ ಸರಿಯಿಲ್ಲ ಅಂತಾಳೆ, ನೀವೇ ಪುಣ್ಯವಂತರು ಅಂದ್ರು ಒಬ್ರು."

"ಹಾಕಿ ನೋಡಿದ್ಯಾ ಇದನ್ನ?"

"ಮನೇಲಾ? ಮುಟ್ಟೋಕೇ ಕೈ ಬರಲಿಲ್ಲ. ಕಾಗದ ಸಮೇತ ಚೀಲಕ್ಕೆ ತುರುಕಿಕೊಂಡು ಬಂದಿದೀನಿ."

"ಒಂದು ಸಲ ಹಾಕು. ಇರೋ ಬಟ್ಟೆ ಮೇಲೇ ಹಾಕು. ಶಟರ್ ಎಳೀತೀನಿ."

ಶಟರು ಕೆಳಗೆ ಬಂತು. ಹುಡುಗಿ ಡ್ರೆಸ್ಸನ್ನು ತಲೆಯ ಮೇಲಿಂದ ಇಳಿಬಿಟ್ಟುಕೊಂಡು ಕನ್ನಡಿಯ ಮುಂದೆ ನಿಂತಳು. ಆಮೇಲೆ ಮೇಲೆ ನೋಡಿದಳು.

"ಅದು ಓಡ್ತಾ ಇದೆಯಾ?"

ಮೂಲೆಯಲ್ಲಿ ಮುಷ್ಟಿಗಾತ್ರದ, ಮಾತನ್ನೂ ಹಿಡಿಯುವ ಬಿಳಿ ಕ್ಯಾಮರಾ. ಹೋದ ವರ್ಷ ಎರಡು ಥಾನು ಬಟ್ಟೆ ಕಳುವಾದ ಮೇಲೆ ಮಗಳು ಹಾಕಿಸಿದ್ದು. ಶಟರಿನ ಕಡೆ ಇರಬೇಕಾದ ಅದರ ಮುಖ ಇವತ್ತು ಸ್ವಲ್ಪ ಕನ್ನಡಿಯ ಕಡೆ ತಿರುಗಿತ್ತು. ಮದುವೆಯಾಗಿ ಬೇರೆ ಊರು ಸೇರಿದ ಮಗಳು ಅಲ್ಲಿಂದಲೇ ಫೋನಿನಲ್ಲಿ ಅದರ ತಲೆ ತಿರುಗಿಸುತ್ತಾಳೆ, 'ಊಟ ಮಾಡದೆ ಹೊಲೀತಾ ಕೂತಿದ್ಯಲ್ಲ' ಅಂತ ಫೋನ್ ಮಾಡಿ ಗದರುತ್ತಾಳೆ.

"ಅದು ಕಳ್ಳರಿಗೆ ಕಣಮ್ಮ. ನಮಗಲ್ಲ. ನೇರ ನಿಂತ್ಕೋ."

ಭುಜ ಜಾರುತ್ತಿತ್ತು. ತೋಳು ಮಣಿಕಟ್ಟು ದಾಟಿ ಬೆರಳ ಬುಡಕ್ಕೆ ಬಂದಿತ್ತು. ಟೇಲರಮ್ಮ ಹೊಸ ಟೇಪು ಹಿಡಿದು ಒಂದೊಂದಾಗಿ ನೋಡಿದಳು. ಭುಜ ಒಂದಿಂಚು ಹೆಚ್ಚು. ಎದೆ ಒಂದಿಂಚು ಹೆಚ್ಚು. ಸೊಂಟ, ಬಲತೋಳು, ಉದ್ದ, ಎಲ್ಲವೂ ಒಂದೊಂದೇ ಇಂಚು. ಎಡತೋಳನ್ನು ಎರಡು ಸಲ ಅಳೆದಳು. ಬಲತೋಳಿಗಿಂತ ಸರಿಯಾಗಿ ಅರ್ಧ ಇಂಚು ಗಿಡ್ಡ.

ಕಣ್ಣಳತೆಯಲ್ಲಿ ಹೊಲಿದ ಬಟ್ಟೆ ಎಲ್ಲೋ ಬಿಗಿ, ಎಲ್ಲೋ ಸಡಿಲ ಇರುತ್ತದೆ. ಎಲ್ಲ ಕಡೆಯೂ ಒಂದೇ ಲೆಕ್ಕದಲ್ಲಿ ತಪ್ಪುವ ಬಟ್ಟೆ ಜಗತ್ತಿನಲ್ಲಿ ಒಂದೇ ಪುಸ್ತಕದಿಂದ ಬರಲು ಸಾಧ್ಯ.

ಹುಡುಗಿ ಕೆಲಸಕ್ಕೆ ಹೊರಟು ಹೋದ ಮೇಲೆ ಅವಳು ಡ್ರಾಯರಿನಿಂದ ಹಳೆಯ ಟೇಪನ್ನು ತೆಗೆದಳು. ಅದರ ತುದಿ ಕಪ್ಪಾಗಿ ಮುದುಡಿತ್ತು. ಹತ್ತೊಂಬತ್ತು ವರ್ಷದ ಹಿಂದೆ, ಕಟಿಂಗ್ ಮಾಸ್ಟರ್ ಕೆಲಸಕ್ಕೆ ಸೇರಿದ ಮೊದಲ ದಿನ, ಗಾಬರಿಯಲ್ಲಿ ಅದರ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟಿದ್ದರು. ಮೊದಲ ಇಂಚು ಸುಟ್ಟು ಹೋಯಿತು. 'ಇರಲಿ ಬಿಡಿ ಮಾಸ್ಟ್ರೇ, ಒಂದರಿಂದ ಅಳೆದರಾಯ್ತು' ಅಂದಿದ್ದಳು ಅವಳು. ಅಂದಿನಿಂದ ಪುಸ್ತಕದಲ್ಲಿ ಬರೆದ ಪ್ರತಿ ಅಳತೆಯೂ ಒಂದಿಂಚು ಹೆಚ್ಚು. ಕತ್ತರಿಸುವಾಗ ಇಬ್ಬರೂ ಮನಸ್ಸಿನಲ್ಲೇ ಒಂದು ಕಳೆಯುತ್ತಿದ್ದರು. ಈ ಗುಟ್ಟು ಮೂರನೆಯವರಿಗೆ ಹೇಳಿರಲಿಲ್ಲ. ಹೇಳುವಂಥ ಗುಟ್ಟು ಅಂತ ಅನ್ನಿಸಿಯೂ ಇರಲಿಲ್ಲ.

ಅಂದರೆ ಈ ಡ್ರೆಸ್ಸು ಹೊಲಿದವರಿಗೆ ಟೇಪಿನ ವಿಷಯ ಗೊತ್ತಿಲ್ಲ.

ಅಂದರೆ ಮಾಸ್ಟರ್ ಅಲ್ಲ.

ಟೇಲರಮ್ಮ ಟೇಪನ್ನು ಸುತ್ತಿಟ್ಟಳು. ಡ್ರೆಸ್ಸಿಗೂ ಮೊದಲು ಆ ಬಾಗಿಲಡಿ ಎರಡು ಖಾಲಿ ಲಕೋಟೆ ಬಂದಿದ್ದವು; ಎರಡನೆಯದು ಬಂದ ದಿನ ಅವಳು ಮಾಸ್ಟರ್ ಕೈಯಿಂದ ಅಂಗಡಿಯ ಕೀಲಿಯನ್ನೂ, ಅಳತೆ, ವಿಳಾಸ ಎರಡೂ ಇದ್ದ ಟ್ಯಾಬನ್ನೂ ವಾಪಸು ಕೇಳಿ ಪಡೆದಿದ್ದಳು. ಮಾಸ್ಟರ್ ಶನಿವಾರ ಟ್ಯಾಬನ್ನು ಮನೆಗೆ ಒಯ್ಯುತ್ತಿದ್ದರು, ಅಷ್ಟೇ ಸಾಕ್ಷಿ. ಅವರು ಕೀಲಿಯನ್ನು ಮೇಜಿನ ಮೇಲಿಟ್ಟು, ಕಿವಿಯ ಮೇಲಿದ್ದ, ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ತೆಗೆದು ಕೀಲಿಯ ಪಕ್ಕದಲ್ಲಿಟ್ಟು ಹೋಗಿದ್ದರು. ಆ ಸೀಮೆಸುಣ್ಣ ಇನ್ನೂ ಅಲ್ಲೇ ಇತ್ತು.

*

ಮಾಸ್ಟರ್ ಹೆಂಡತಿ ಬಾಗಿಲು ತೆಗೆದರು. ದಾರಿ ಬಿಡಲಿಲ್ಲ.

"ಓಹೋ, ಬನ್ನಿ. ಇನ್ನೇನು ಹುಡುಕೋದು ಉಳಿದಿದೆ? ಹಿಟ್ಟಿನ ಡಬ್ಬಿ ಒಂದು ನಾವೇ ನೋಡಿಲ್ಲ, ಕೈ ಹಾಕಿ ನೋಡ್ಬಿಡಿ."

"ಮಾಸ್ಟರನ್ನ ನೋಡಬೇಕಿತ್ತು."

"ನೋಡಿ. ಎಲ್ಲೂ ಓಡಿ ಹೋಗಿಲ್ಲ."

ಹೊರಗಿನ ಕೋಣೆಯಲ್ಲಿ ಮಾಸ್ಟರ್ ಯಾರದೋ ಕಿಟಕಿ ಪರದೆಗಳಿಗೆ ಅಂಚು ಕಟ್ಟುತ್ತ ಕೂತಿದ್ದರು. ಮದುವೆಯ ಬಟ್ಟೆಗಳನ್ನು ಕತ್ತರಿಸಿದ ಕೈ. ತಲೆ ಎತ್ತಲಿಲ್ಲ.

"ಮಾಸ್ಟ್ರೇ, ಒಂದು ಬಟ್ಟೆ ನೋಡಿ ಹೇಳಬೇಕು."

"ಹೋದ ವಾರ ನನ್ನ ಕೈ ಶುದ್ಧ ಇಲ್ಲ ಅಂದ್ರಿ. ಇವತ್ತು ಕಣ್ಣು ಬೇಕಾಯ್ತಾ ಅಮ್ಮ?"

ಅವಳು ಡ್ರೆಸ್ಸನ್ನು ಅವರ ಮಡಿಲಿಗೆ ಹಾಕಿದಳು. ಯಾರದು ಎಂದು ಹೇಳಬೇಕಾಗಲಿಲ್ಲ. ಎಡತೋಳನ್ನೂ ಬಲತೋಳನ್ನೂ ಜೋಡಿಸಿ ಹಿಡಿದ ಕೂಡಲೇ ಅವರಿಗೆ ತಿಳಿಯಿತು. ಭುಜಕ್ಕೆ ಗೇಣು ಹಾಕಿದರು. ಸೊಂಟಕ್ಕೆ ಹಾಕಿದರು. ನಿಧಾನಕ್ಕೆ ಅವರ ಮೀಸೆಯಡಿ ಏನೋ ಅಲುಗಿತು.

"ಯಾರೋ ಆ ಸುಟ್ಟ ಇಂಚಿನ ನನ್ನ ಪಾಪಾನ ಹೊಲಿದು ಕಳಿಸಿದಾರೆ."

"ನೀವಲ್ಲ ಅಂತ ಗೊತ್ತಾಯ್ತು ಮಾಸ್ಟ್ರೇ."

"ಡ್ರೆಸ್ಸು ಹೇಳ್ತು. ಹತ್ತೊಂಬತ್ತು ವರ್ಷದ ಕೆಲಸ ಹೇಳಲಿಲ್ಲ."

ಒಳಗೆ ಪಾತ್ರೆ ಇಡುವ ಸದ್ದು ಒಂದು ಕ್ಷಣ ನಿಂತಿತು. ಟೇಲರಮ್ಮ ತಲೆ ತಗ್ಗಿಸಿದಳು. ತಪ್ಪಾಯ್ತು ಅನ್ನಬೇಕೆಂದೇ ಬಂದಿದ್ದಳು. ಅದು ಎಷ್ಟು ಸಣ್ಣ ಮಾತು ಅನ್ನುವುದು ಈಗ ಕಾಣುತ್ತಿತ್ತು, ಹರಿದ ಬಟ್ಟೆಗೆ ಅಂಗೈ ಅಡ್ಡ ಹಿಡಿದ ಹಾಗೆ.

"ಟ್ಯಾಬಿಂದಲೂ ಹೋಗಿಲ್ಲ," ಅಂದಳು. "ಟ್ಯಾಬಲ್ಲಿರೋದು ಸರಿಯಾದ ಅಳತೆ. ನಾನೇ ಕೂತು ಎಲ್ಲದರಲ್ಲೂ ಒಂದೊಂದು ಇಂಚು ಕಳೆದಿದೀನಿ. ಈ ಅಳತೆ ಪುಸ್ತಕದ್ದು. ಪುಸ್ತಕ ಬೀರುವಿನಲ್ಲಿದೆ. ಬೀಗದ ಕೈ ನನ್ನ ಸೊಂಟದಲ್ಲಿದೆ."

"ಪುಸ್ತಕ ಹೊರಗೆ ಹೋಗೇ ಇಲ್ಲ ಅಂತೀರಾ?"

"ಹೋಗಿಲ್ಲ."

ಮಾಸ್ಟರ್ ಸೂಜಿಯನ್ನು ಪರದೆಗೆ ಚುಚ್ಚಿಟ್ಟರು. "ಫ್ಯಾನ್ ಗಾಳಿಗೆ ಪುಟ ಹಾರಬಾರದು ಅಂತ ಎರಡೂ ಕಡೆ ಕತ್ತರಿ ಇಟ್ಕೊಂಡು, ಬಗ್ಗಿ ಹಿಡ್ಕೊಂಡು ನಿಂತಿದ್ದು ಯಾರು? ನನ್ನ ಬೆನ್ನು ಎರಡು ದಿನ ಸೆಟೆದು ಹೋಗಿತ್ತು. ನಲವತ್ತೊಂದು ಪುಟ. ಒಂದೊಂದಕ್ಕೂ 'ಅಲ್ಲಾಡಿಸ್ಬೇಡಿ ಮಾಸ್ಟ್ರೇ' ಅಂತಿದ್ರಿ."

ಅವಳಿಗೆ ಮೊದಲು ಬೆಳಕು ನೆನಪಾಯಿತು. ಮಧ್ಯಾಹ್ನದ ಬೆಳಕು ಮೇಜಿನ ಮೇಲೆ ಓರೆಯಾಗಿ ಬಿದ್ದಿತ್ತು. ಅವಳು ಫೋನು ಹಿಡಿದು ಪುಟಪುಟವನ್ನೂ ಚಿತ್ರ ತೆಗೆದಿದ್ದಳು. ಟ್ಯಾಬು ಬಂದ ವಾರ, ಆ ಹುಡುಗಿಯ ಹೊಸ ವಿಳಾಸ ಪುಟಕ್ಕೆ ಏರಿದ ಮೇಲೆ. 'ಅಮ್ಮಾ, ಮನೆ ಗುಂಪಿಗೆ ಹಾಕು, ತಲೆಗೆ ನಾಲ್ಕು ಪುಟ ಟೈಪ್ ಮಾಡಿದ್ರೆ ಒಂದೇ ದಿನಕ್ಕೆ ಮುಗೀತು' ಅಂದಿದ್ದಳು ಮಗಳು. ಗುಂಪಿನ ಹೆಸರು 'ಮನೆಮಂದಿ'. ಅಕ್ಕ, ತಮ್ಮ, ನಾದಿನಿ, ಅವರ ಮಕ್ಕಳು, ಒಟ್ಟು ಹದಿನಾಲ್ಕು ಫೋನು. ಎಷ್ಟು ಖುಷಿಯಾಗಿತ್ತು ಅವತ್ತು! ಎಲ್ಲರೂ ನಗುತ್ತ, 'ಚಿಕ್ಕಮ್ಮ ನಿನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ' ಅಂತ ಛೇಡಿಸುತ್ತ ಟೈಪ್ ಮಾಡಿ ಕಳಿಸಿದ್ದರು. ಸಂಜೆಗೆ ಕೆಲಸ ಮುಗಿದಿತ್ತು. ಮುಗಿದ ಮೇಲೆ ಅವಳು ತನ್ನ ಫೋನಿನಿಂದ ಚಿತ್ರಗಳನ್ನು ಅಳಿಸಿ, ಎಲ್ಲ ಕಡೆಯೂ ಅಳಿಸಿತು ಅಂದುಕೊಂಡಿದ್ದಳು.

ಆ ಹುಡುಗಿ ಗಂಡನ ಮನೆ ಬಿಟ್ಟ ಸಂಗತಿಯನ್ನು ಅವಳು ಒಡಹುಟ್ಟಿದ ಅಕ್ಕನಿಗೂ ಹೇಳಿರಲಿಲ್ಲ. ಮಗಳಿಗೂ ಹೇಳಿರಲಿಲ್ಲ. ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದೇನೆ ಎಂದು ಒಳಗೊಳಗೇ ಹೆಮ್ಮೆ ಬೇರೆ. ಬಾಯಿಗೆ ಹಾಕಿದ ಬೀಗವನ್ನು ಬೆರಳಿಗೆ ಹಾಕಿರಲಿಲ್ಲ.

ಮಾಸ್ಟರ್ ಡ್ರೆಸ್ಸಿನ ಕೆಳಅಂಚನ್ನು ಮಡಿಚಿ ಕಿಟಕಿಯ ಬೆಳಕಿಗೆ ಹಿಡಿದಿದ್ದರು.

"ಹೆಮ್ಮಿಂಗ್ ನೋಡಿದ್ರಾ?"

"ಇಲ್ಲ."

"ಎಳೆ ಯಾವ ಕಡೆ ಬಾಗಿದೆ ನೋಡಿ. ನಾವು ಹಾಕಿದ್ರೆ ಈ ಕಡೆ ಬಾಗುತ್ತೆ. ಇದು ಆ ಕಡೆ. ಎಡಗೈ." ಅವರು ಕನ್ನಡಕ ತೆಗೆದು ಒರೆಸಿದರು. ಬಹಳ ಹೊತ್ತು ಒರೆಸಿದರು. "ಎಡಗೈಲಿ ಇಷ್ಟು ಸಣ್ಣ ಹೆಮ್ಮಿಂಗ್ ಹಾಕೋರು ನಾನು ಕಂಡ ಹಾಗೆ ಒಬ್ಬರೇ. ಹೆಸರು ನಾನು ಹೇಳಲ್ಲ. ಹೇಳಿದ್ರೆ ಅದೂ ಸೇಡು ಅಂತೀರಿ."

ಹೇಳಬೇಕಾಗಿರಲಿಲ್ಲ. ಹತ್ತು ವರ್ಷದ ಹುಡುಗಿಯಾಗಿದ್ದಾಗ ಆ ಎಡಗೈಯನ್ನೇ ನೋಡಿ ಕಲಿತವಳು ಅವಳು. ಅಕ್ಕನ ಎದುರು ಕೂತು, ಕನ್ನಡಿಯಲ್ಲಿ ನೋಡಿದ ಹಾಗೆ, ತನ್ನ ಬಲಗೈಗೆ ತಿರುಗಿಸಿಕೊಂಡು.

ಮಾಸ್ಟರ್ ಹೆಂಡತಿ ಟೀ ಲೋಟವನ್ನು ಅವಳ ಮುಂದೆ ಕುಕ್ಕಿದರು. "ಕುಡೀರಿ. ಕದ್ದ ಸಕ್ಕರೆಯಲ್ಲ."

ಕುಡಿದಳು. ಬಿಸಿ ನಾಲಿಗೆ ಸುಟ್ಟಿತು, ಆದರೂ ಪೂರ್ತಿ ಕುಡಿದಳು.

"ನಾಳೆ ಅಂಗಡಿಗೆ ಬನ್ನಿ ಮಾಸ್ಟ್ರೇ."

"ಇನ್ನೂ ಆರು ಪರದೆ ಇದೆ ಅಮ್ಮ," ಅಂದರು ಅವರು, ಸೂಜಿಯನ್ನು ಮತ್ತೆ ಎತ್ತಿಕೊಳ್ಳುತ್ತ. ಅವಳು ಚಪ್ಪಲಿ ಮೆಟ್ಟುವಾಗ ಹಿಂದಿನಿಂದ ಸೇರಿಸಿದರು: "ಆ ಮಗು ಹುಷಾರು."

*

ಬೀದಿಯ ಮೂಲೆಯಲ್ಲಿ, ಮುಚ್ಚಿದ ಅಂಗಡಿಯೊಂದರ ಮೆಟ್ಟಿಲ ಮೇಲೆ ಕೂತು ಅಕ್ಕನಿಗೆ ಫೋನ್ ಮಾಡಿದಳು. 

"ಲೇ ಪುಟ್ಟಿ, ಏನೇ ಇಷ್ಟು ಹೊತ್ತಲ್ಲಿ? ಹೊಲಿಗೆ ಬಿಟ್ಟು ನನ್ನ ನೆನಪು?"

"ಅಕ್ಕ, ಇತ್ತೀಚೆಗೆ ಒಂದು ಕಡುಹಸಿರು ಡ್ರೆಸ್ ಹೊಲಿದ್ಯಾ?"

"ಅಯ್ಯೋ, ಗೊತ್ತಾಗೋಯ್ತಾ! ಅವಳು ನಿನಗೆ ತೋರಿಸಿದ್ಲಾ? ಎಂಥಾ ಒಳ್ಳೆ ಗಂಡ ಕಣೇ ಅವಳಿಗೆ. ನಮ್ಮೋರು ಮೂವತ್ತು ವರ್ಷದಲ್ಲಿ ಒಂದು ಕರ್ಚೀಫ್ ತಂದವರಲ್ಲ. ಹೆಂಡ್ತಿ ಕೆಲಸದ ಮೇಲೆ ಬೇರೆ ಕಡೆ ಇದಾಳಂತೆ, ಹುಟ್ಟುಹಬ್ಬಕ್ಕೆ ಗುಟ್ಟಾಗಿ ಕಳಿಸಬೇಕು ಅಂದ. ಅವಳು ನಿನ್ನ ಹತ್ರಾನೇ ಹೊಲಿಸೋದಂತೆ, ಅಲ್ಲಿ ಕೊಟ್ರೆ ನೀನು ಹೇಳಿಬಿಡ್ತೀಯ ಅಂತ ಇಲ್ಲಿಗೆ ಬಂದ. ಎರಡೂ ಅಂಗಡಿ ಬೋರ್ಡಲ್ಲಿ ಅಮ್ಮನ ಹೆಸರೇ ಇದೆಯಲ್ಲ, ಅಕ್ಕತಂಗೀರು ಅಂತ ಅವನೇ ಲೆಕ್ಕ ಹಾಕ್ದ. ಬುದ್ಧಿವಂತ."

"ಅಳತೆ ಎಲ್ಲಿ ಸಿಕ್ತು ನಿನಗೆ?"

"ನೀನೇ ಗುಂಪಿಗೆ ಹಾಕಿದ್ಯಲ್ಲೇ, ಕೋಳಿ ಕೆದರಿದ ಪುಟಗಳು! ಅವನು ಹೇಳಿದ ಮನೆ ವಿಳಾಸ ಇರೋ ಪುಟ ಹುಡುಕಿ ತೆಗೆದು, ಇವರೇನಾ ನಿಮ್ಮನೆಯವರು ಅಂತ ಅವನಿಗೇ ತೋರಿಸಿ ಕೇಳ್ದೆ. ಹೌದು ಅಂದ. ನೋಡ್ತಾನೇ ಕೂತ ಪಾಪ. ಕಣ್ಣಲ್ಲಿ ನೀರು ಬಂದ ಹಾಗಿತ್ತು."

ಟೇಲರಮ್ಮ ಕಣ್ಣು ಮುಚ್ಚಿದಳು. ಒಂದೇ ಪುಟ. ಅಳತೆ, ಮುರಿದ ಕೈ, ಹೊಸ ವಿಳಾಸ.

"ಫೋನು ಅವನ ಕೈಗೆ ಕೊಟ್ಯಾ?"

"ಕೊಡದೆ? ನಿನ್ನೆ ಮೊನ್ನೆಯ ಮಾತಲ್ಲ, ಎರಡು ವಾರ ಆಯ್ತು. ಜಾಗ ತುಂಬಿದೆ ಅಂತ ಬಡ್ಕೋತಿತ್ತು ಫೋನು. ಕೂತು ಎಲ್ಲಾ ಕ್ಲೀನ್ ಮಾಡಿಕೊಟ್ಟ. ಮಕ್ಕಳಿಗೆ ಹೇಳಿ ಹೇಳಿ ಸಾಕಾಗಿತ್ತು. ಈಗ ಬೆಣ್ಣೆ ಹಾಗೆ ಓಡುತ್ತೆ. ಬುಧವಾರ ಇನ್ನೊಂದು ಡ್ರೆಸ್ ತಗೊಂಡು ಹೋಗೋಕೆ ಬರ್ತಾನೆ. ಅದ್ಸರಿ, ಮೊದಲನೇದು ದೊಡ್ಡದಾಯ್ತಂತಲ್ಲ?"

"ಯಾರಂದ್ರು?"

"ಅವನೇ. ಈಗ ಮಧ್ಯಾಹ್ನ ಫೋನ್ ಮಾಡಿದ್ದ. ಭುಜ ಒಂದಿಂಚು ಜಾರ್ತಿದೆ, ತೋಳು ಬೆರಳಿನ ತನಕ ಬರ್ತಿದೆ, ಮುಂದಿನದರಲ್ಲಿ ನೋಡ್ಕೊಳ್ಳಿ ಅಂದ. ಪುಟ್ಟಿ? ಕೇಳಿಸ್ತಿದೆಯಾ? ನಿನ್ನ ಅಳತೆ ತಪ್ಪಾಗೋದು ಉಂಟಾ ಅಂತ ನಾನು ಬೈದೆ ಅವನಿಗೆ."

"ಆಮೇಲೆ ಮಾಡ್ತೀನಿ ಅಕ್ಕ."

ಆ ಹುಡುಗಿ ಡ್ರೆಸ್ಸು ಹಾಕಿಕೊಂಡದ್ದು ಒಂದೇ ಸಲ. ಇವತ್ತು ಬೆಳಿಗ್ಗೆ, ಶಟರು ಎಳೆದ ಅಂಗಡಿಯಲ್ಲಿ, ಕನ್ನಡಿಯ ಮುಂದೆ. ಅಲ್ಲಿದ್ದವರು ಇಬ್ಬರೇ.

ಮತ್ತೆ ಮೂಲೆಯಲ್ಲಿ, ಕಳ್ಳರಿಗೆ ಅಂತ ಇಟ್ಟಿದ್ದು. ಅದರ ಪಾಸ್‌ವರ್ಡನ್ನೂ ಮಗಳು 'ಮನೆಮಂದಿ'ಗೇ ಹಾಕಿದ್ದಳು. ಅಮ್ಮ ಒಬ್ಬಳೇ ಇರ್ತಾಳೆ, ಯಾರಿಗೆ ಬಿಡುವಾಗುತ್ತೋ ಅವರು ಒಂದು ಕಣ್ಣಿಟ್ಟಿರಿ, ಅಂತ.

*

ಅಂಗಡಿಗೆ ವಾಪಸು ಬಂದಾಗ ನಾಲ್ಕೂವರೆ. ದೀಪ ಹಾಕಿದಳು. ಮೇಲೆ ನೋಡಲಿಲ್ಲ. ನೋಡದೆಯೇ ಆ ಪುಟ್ಟ ಹಸಿರು ದೀಪ ಕುತ್ತಿಗೆಯ ಹಿಂದೆ ಸೂಜಿಮೊನೆಯ ಹಾಗೆ ಒತ್ತುತ್ತಿತ್ತು.

ಎರಡು ವಾರ. ಈ ಎರಡು ವಾರದಲ್ಲಿ ಈ ಕನ್ನಡಿಯ ಮುಂದೆ ಎಷ್ಟು ಹೆಂಗಸರು ನಿಂತರು, ಸೆರಗು ಸರಿಸಿದರು, ಹೊಟ್ಟೆ ಒಳಗೆಳೆದುಕೊಂಡು ನಕ್ಕರು, ಮನೆಯ ಕಷ್ಟ ಹೇಳಿ ಕಣ್ಣೊರೆ‌ಸಿಕೊಂಡರು. ಇದೇ ಕನ್ನಡಿಯ ಮುಂದೆ ಅವಳು ಮಾಸ್ಟರಿಂದ ಕೀಲಿ ಕೇಳಿದ್ದಳು. ಅದನ್ನೂ ಅವನು ನೋಡಿರಬೇಕು. ತನ್ನ ಬದಲು ಇನ್ನೊಬ್ಬರು ಕಳ್ಳರಾಗುವುದನ್ನು ನೋಡುತ್ತ ಎಲ್ಲೋ ಕೂತು ಟೀ ಕುಡಿದಿರಬೇಕು.

ಪ್ಲಗ್ಗಿನ ಮೇಲೆ ಅವಳ ಕೈ ಹೋಯಿತು. ಅಲ್ಲೇ ನಿಂತಿತು.

ಬಿಚ್ಚುವ ಮೊದಲು ಅಳೆಯಬೇಕು.

ಈ ಕಣ್ಣು ಮುಚ್ಚಿದರೆ, ತನಗೆ ಗೊತ್ತಾಗಿದೆ ಎಂದು ಅವನಿಗೆ ಗೊತ್ತಾಗುತ್ತದೆ. ಬುಧವಾರಕ್ಕೆ ಕಾಯದೆ ಅವನು ನೇರ ಆ ಬಾಗಿಲಿಗೆ ಹೋಗುತ್ತಾನೆ. ಠಾಣೆಯಲ್ಲಿ ಇನ್ನೊಮ್ಮೆ ನಗುತ್ತಾರೆ. ಅಕ್ಕನಿಗೆ ಹೇಳಿದರೆ ಅಳುತ್ತ ಮೊದಲು ಅವನಿಗೇ ಫೋನ್ ಮಾಡಿ ಬೈಯುತ್ತಾಳೆ. ಮಗಳಿಗೆ ಹೇಳಿದರೆ ಆ ಮಾತೂ ಒಂದು ಫೋನಿನಿಂದ ಇನ್ನೊಂದಕ್ಕೆ ಹೋಗಬೇಕು. ಯಾವ ಫೋನಿನಲ್ಲಿ ಯಾರ ಕಿವಿ ಇದೆಯೋ ಅವಳಿಗೆ ಇನ್ನು ತಿಳಿಯದು.

ಹುಡುಗಿ ಐದೂವರೆಗೆ ಆಫೀಸಿನ ಗೇಟಿನಿಂದ ಹೊರಗೆ ಬರುತ್ತಾಳೆ. ನಡೆದು ಹೋದರೆ ಇಪ್ಪತ್ತು ನಿಮಿಷದ ದಾರಿ. ಅಲ್ಲಿಂದ ಅವಳನ್ನು ಕರೆದುಕೊಂಡು, ಯಾರ ಫೋನಿನಲ್ಲೂ ವಿಳಾಸವಿಲ್ಲದ, ಹಿಟ್ಟಿನ ಡಬ್ಬಿ ತೆರೆದು ತೋರಿಸಲು ಸಿದ್ಧವಿರುವ ಒಂದು ಮನೆಗೆ. ಬಾಗಿಲು ತೆಗೆಯುತ್ತಾರೋ ಇಲ್ಲವೋ. ಬೇಡಿಕೊಳ್ಳಬೇಕು. ಮಾಸ್ಟರ್ ಹತ್ತಿರ ಬೇಡಿಕೊಳ್ಳುವುದು ಹೇಗೂ ಬಾಕಿ ಇದೆ.

ಟೇಲರಮ್ಮ ಬೀರು ತೆಗೆದು ಅಳತೆ ಪುಸ್ತಕವನ್ನು ಮೇಜಿನ ಮೇಲೆ, ಕನ್ನಡಿಯ ಪಕ್ಕ, ಬಿಡಿಸಿದಳು. 'ಮುಚ್ಚುಗತ್ತು' ಪುಟ. ವಿಳಾಸದ ಮೇಲೆ ಗೀಟು ಎಳೆದಳು. ಆಮೇಲೆ ಯಾವ ನಂಬರನ್ನೂ ಒತ್ತದೆ ಫೋನನ್ನು ಕಿವಿಗೆ ಇಟ್ಟುಕೊಂಡಳು.

"ಹಲೋ, ನಾನು ಕಣಮ್ಮ ಟೇಲರಮ್ಮ. ಡ್ರೆಸ್ಸಿನ ಚಿಂತೆ ಬಿಡು. ಆ ಮನೆ ಇವತ್ತೇ ಖಾಲಿ ಮಾಡಿಬಿಡು. ಹ್ಞೂಂ, ಸಾಮಾನು ಆಮೇಲೆ. ಹೊಸ ಜಾಗ ಯಾರಿಗೂ ಗೊತ್ತಾಗಲ್ಲ. ಬರ್ಕೋತೀಯಾ?"

ಸತ್ತ ಫೋನಿಗೆ ಅವಳು ಬಾಗಿಲ ನಂಬರು ಹೇಳಿದಳು. ಬೀದಿ ಹೇಳಿದಳು. ನೀಲಿ ಗೇಟು, ಮಹಡಿಯ ಮೇಲಿನ ಮನೆ, ಮೆಟ್ಟಿಲು ಪಕ್ಕದಿಂದ ಎಂದಳು. ಹೇಳುತ್ತ ಹೇಳುತ್ತ ಪುಸ್ತಕದಲ್ಲಿ ಬರೆದಳು. ಇಪ್ಪತ್ತೆರಡು ವರ್ಷದಿಂದ ತಾನು ವಾಸವಾಗಿದ್ದ, ಗಂಡ ಹೋದ ಮೇಲೆ, ಮಗಳು ಹೋದ ಮೇಲೆ, ಒಬ್ಬಳೇ ಬೀಗ ತೆಗೆದು ಒಬ್ಬಳೇ ಚಿಲಕ ಹಾಕಿಕೊಳ್ಳುವ ಮನೆಯ ವಿಳಾಸವನ್ನು, ಈ ಸಲ ಕೋಳಿ ಕೆದರಿದ ಹಾಗಲ್ಲ, ದಪ್ಪ ದಪ್ಪ ಅಕ್ಷರದಲ್ಲಿ.

ಶಾಯಿ ಒಣಗಿಸುವವಳಂತೆ ಪುಟವನ್ನು ದೀಪದ ಕಡೆಗೆ ಎತ್ತಿದಳು.

ತಲೆಯ ಮೇಲೆ, ಮೂಲೆಯಲ್ಲಿ, ನೊಣ ಗುಂಯ್‌ಗುಟ್ಟಿದಂಥ ಸಣ್ಣ ಸದ್ದು. ಕನ್ನಡಿಯಲ್ಲಿ ಅವಳಿಗೆ ಕಂಡಿತು: ಬಿಳಿ ತಲೆ ತಾನಾಗಿ ತಿರುಗಿ, ನಿಧಾನಕ್ಕೆ ಕೆಳಗೆ ಬಾಗಿತು.

ಅವನು ಓದಿ ಮುಗಿಸುವ ತನಕ, ಟೇಲರಮ್ಮ ಪುಟವನ್ನು ಹಾಗೇ ಹಿಡಿದುಕೊಂಡು ನಿಂತಳು.